ಮಂಡಿ ಕೈಕೊಟ್ಟ ಮೇಲೆ: ಮೈದಾನದಿಂದ ಬೆಂಚಿಗೆ ಐದು ವರ್ಷ

ಹೋದ ವಾರ ನನ್ನ ಫುಟ್‌ಬಾಲ್ ಕೋಚಿಂಗ್‌ನ ‘ಸಿ’ ಲೈಸೆನ್ಸ್ ಬಂತು. ಬಂತು ಅಂದರೆ ಅಂಚೆಯವರು ತಂದುಕೊಟ್ಟಿದ್ದಲ್ಲ, ಮೇಲ್‌ನಲ್ಲಿ ಒಂದು ಪಿಡಿಎಫ್. ಅಮ್ಮನಿಗೆ ಫೋನಿನಲ್ಲೇ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, “ಇಷ್ಟಕ್ಕೇನಾ ಐದು ವರ್ಷ?” ಅಂದರು.

ಹೌದು, ಇಷ್ಟಕ್ಕೇ. ಈ ಐದು ವರ್ಷದಲ್ಲಿ ನಾನು ಓಡಾಡಿದ ಕಡೆಗೆಲ್ಲ ಈಗ ಬೇರೆ ಹುಡುಗರು ಓಡಾಡುತ್ತಿದ್ದಾರೆ. ತಿಂಗಳಿಗೆ ಒಬ್ಬನಾದರೂ ಫೋನ್ ಮಾಡುತ್ತಾನೆ, “ಅಣ್ಣಾ, ಎಸಿಎಲ್ ಹೋಗಿದೆ ಅಂತಿದಾರೆ, ಏನ್ ಮಾಡ್ಲಿ?” ಎಸಿಎಲ್ ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್. ಪ್ರತಿ ಸಲ ಅದೇ ಪುರಾಣ ಬಿಚ್ಚುವ ಬದಲು ಒಂದು ಕಡೆ ಬರೆದಿಟ್ಟರೆ ಆಯಿತು ಅನ್ನಿಸಿತು. ನಾನು ಡಾಕ್ಟರಲ್ಲ, ವಿಮೆ ಏಜೆಂಟೂ ಅಲ್ಲ. ನನಗೆ ಆಗಿದ್ದನ್ನು ಆದ ಹಾಗೆ ಹೇಳುತ್ತೇನೆ.

ನಾನು ಬೆಳೆದಿದ್ದು ಬೆಂಗಳೂರಿನ ದೂರವಾಣಿನಗರದ ಐಟಿಐ (ಟೆಲಿಫೋನ್ ಕಾರ್ಖಾನೆ) ಕ್ವಾರ್ಟರ್ಸ್‌ನಲ್ಲಿ. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ಫೈನಲ್‌ನಲ್ಲಿ ಐಟಿಐ ತಂಡ ಮೋಹನ್ ಬಗಾನ್ ಅನ್ನು 1-0ಯಿಂದ ಸೋಲಿಸಿತ್ತಲ್ಲ, ಅದು ಅಪ್ಪ ಕೆಲಸಕ್ಕೆ ಸೇರುವ ಮೊದಲೇ ಆದ ಗೆಲುವು. ಆದರೂ ಗೋಲ್‌ಪೋಸ್ಟ್ ಪಕ್ಕದಲ್ಲೇ ನಿಂತಿದ್ದವರ ಹಾಗೆ ಅದನ್ನು ವರ್ಣಿಸುತ್ತಿದ್ದರು. ಅಂಥ ಮನೆಯಲ್ಲಿ ಹುಟ್ಟಿದ ಮೇಲೆ ಚೆಂಡು ಒದೆಯದೆ ಇರುವುದು ಹೇಗೆ? ಶಾಲೆ, ಕಾಲೇಜು, ಆಮೇಲೆ ಲೀಗಿನಲ್ಲಿ ‘ಸಿ’ ಡಿವಿಷನ್, ‘ಬಿ’ ಡಿವಿಷನ್. ಇಪ್ಪತ್ತೆರಡಕ್ಕೆ ಒಂದು ಸಂಸ್ಥೆಯ ತಂಡದಲ್ಲಿ ರೈಟ್ ಬ್ಯಾಕ್ (ಬಲಗಡೆಯ ರಕ್ಷಣಾ ಆಟಗಾರ) ಆಗಿ ಸ್ಟೈಪೆಂಡ್ ಮೇಲೆ ಸೇರಿಕೊಂಡೆ. ತಿಂಗಳಿಗೆ ಹನ್ನೆರಡು ಸಾವಿರ. ಎರಡು ಮೂರು ಸೀಸನ್ ಚೆನ್ನಾಗಿ ಆಡಿದರೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಕಾಯಂ ಆಗುತ್ತದೆ ಅನ್ನೋ ಭರವಸೆ ಇತ್ತು. ಎಲ್ಲವೂ ಬಾಯಿಮಾತು, ಕಾಗದದಲ್ಲಿ ಏನೂ ಇರಲಿಲ್ಲ.

2019ರ ನವೆಂಬರ್. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮಧ್ಯಾಹ್ನದ ಲೀಗ್ ಪಂದ್ಯ. ಅಲ್ಲಿನ ಕೃತಕ ಟರ್ಫ್ ಬಿಸಿಲಿಗೆ ಕಾದಾಗ ರಬ್ಬರ್ ವಾಸನೆ ಗಂಟಲಿಗೇ ಬರುತ್ತೆ. ಎದುರಾಳಿ ವಿಂಗರ್ ಒಳಗೆ ನುಗ್ಗುತ್ತಾನೆ ಅಂದುಕೊಂಡು ಎಡಗಾಲು ಊರಿ ತಿರುಗಿದೆ. ಅವನು ಹೊರಗಿನಿಂದ ಹೋದ. ನನ್ನ ಮೈ ತಿರುಗಿತು, ಸ್ಟಡ್ ಟರ್ಫ್‌ನಲ್ಲಿ ಕಚ್ಚಿಕೊಂಡು ಪಾದ ಮಾತ್ರ ಅಲ್ಲೇ ಉಳಿಯಿತು. ಯಾರೂ ನನ್ನನ್ನು ಮುಟ್ಟಿರಲಿಲ್ಲ. ಒಳಗೆ ‘ಟಪ್’ ಅಂತ ಒಂದು ಸದ್ದು, ಹಸಿ ಹುರುಳಿಕಾಯಿ ಮುರಿದ ಹಾಗೆ. ನೋವಿಗಿಂತ ಮೊದಲು ಆ ಸದ್ದಿಗೇ ಹೆದರಿ ಕೂತುಬಿಟ್ಟೆ. ಸ್ಪ್ರೇ ಹೊಡೆಸಿಕೊಂಡು ಎದ್ದು ನಾಲ್ಕು ಹೆಜ್ಜೆ ಓಡಿದೆ, ಐದನೆಯದಕ್ಕೆ ಮಂಡಿ ಪಕ್ಕಕ್ಕೆ ಜಾರಿತು. ಮನೆ ಮುಟ್ಟುವಷ್ಟರಲ್ಲಿ ತೆಂಗಿನಕಾಯಿಯಷ್ಟು ಊದಿತ್ತು.

ಮೊದಲ ತಪ್ಪು ಆ ರಾತ್ರಿಯೇ ಆಯಿತು. ಹತ್ತಿರದ ಆಸ್ಪತ್ರೆಯ ಕ್ಯಾಷುಯಾಲ್ಟಿಯಲ್ಲಿ ಎಕ್ಸ್‌ರೇ ತೆಗೆದು, “ಮೂಳೆ ಮುರಿದಿಲ್ಲ, ಉಳುಕು ಅಷ್ಟೇ” ಎಂದು ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳಿಸಿದರು. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ ಅನ್ನೋದು ನನಗೆ ಗೊತ್ತಿರಲಿಲ್ಲ. ಪರಿಚಯದವರೊಬ್ಬರು ಕಟ್ಟು ಕಟ್ಟುವವರ ಹತ್ತಿರ ಕರೆದುಕೊಂಡು ಹೋದರು, ಅಲ್ಲಿ ಎಣ್ಣೆ ಹಚ್ಚಿ ತಿಕ್ಕಿದರು. ಮೂರು ವಾರ ಹೀಗೇ ಕಳೆಯಿತು. ಆಡುವಾಗ ‘ಟಪ್’ ಅಂದಿದ್ದು ಕೇಳಿಸಿ, ಕೆಲವೇ ಗಂಟೆಯಲ್ಲಿ ಮಂಡಿ ಊದಿಕೊಂಡರೆ ತಿಕ್ಕಿಸಬೇಡಿ. ಐಸ್ ಇಡಿ, ಕಾಲು ಎತ್ತರದಲ್ಲಿಟ್ಟುಕೊಳ್ಳಿ, ಕ್ರೀಡಾ ಗಾಯಗಳನ್ನೇ ನೋಡುವ ಮೂಳೆ ಡಾಕ್ಟರ ಹತ್ತಿರ ಹೋಗಿ. ಅವರು ಮಂಡಿಯನ್ನು ಸ್ವಲ್ಪ ಬಗ್ಗಿಸಿ, ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಅರ್ಧ ನಿಮಿಷದ ಕೆಲಸ. ನನ್ನ ಕಾಲನ್ನು ಹಾಗೆ ಎಳೆದ ಡಾಕ್ಟರ್ ಎಂಆರ್‌ಐ ಬರೆಯುವ ಮುಂಚೆಯೇ, “ಹೋಗಿದೆಯಪ್ಪ” ಅಂದುಬಿಟ್ಟರು.

ಎಂಆರ್‌ಐಗೆ ಆರೂವರೆ ಸಾವಿರ. ಸ್ಕ್ಯಾನಿಂಗ್ ಸೆಂಟರಿನಲ್ಲಿ ದೊಡ್ಡದೊಂದು ಪ್ಲಾಸ್ಟಿಕ್ ಕವರಿನಲ್ಲಿ ಫಿಲ್ಮ್ ಹಾಕಿ ಕೊಟ್ಟರು. ಮೇಲೆ ನನ್ನ ಹೆಸರು, ವಯಸ್ಸು 24, ಲೆಫ್ಟ್ ನೀ. ಆ ಕವರ್ ನೆನಪಿನಲ್ಲಿರಲಿ. ರಿಪೋರ್ಟಿನಲ್ಲಿ ಎಸಿಎಲ್ ಪೂರ್ತಿ ಹರಿದಿದೆ, ಒಳಗಿನ ಮೆನಿಸ್ಕಸ್ಸಿಗೂ (ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಪೆಟ್ಟು ಅಂತ ಇತ್ತು.

ಕೂಡಲೇ ಆಪರೇಷನ್ ಅಂದುಕೊಂಡಿದ್ದೆ. ಡಾಕ್ಟರ್ ಒಪ್ಪಲಿಲ್ಲ. ಊತ ಇಳಿಯಬೇಕು, ಕಾಲು ಪೂರ್ತಿ ನೇರ ಆಗಬೇಕು, ತೊಡೆಯಲ್ಲಿ ಕಸುವು ಬರಬೇಕು, ಬಿಗಿದ ಮಂಡಿಗೆ ಆಪರೇಷನ್ ಮಾಡಿದರೆ ಬಿಗಿದೇ ಉಳಿಯುತ್ತೆ ಅಂದರು. ಹಾಗಾಗಿ ಇನ್ನೂ ಐದಾರು ವಾರ ಕಾಯುವುದು. ನನಗೆ ಆಗ ಅದು ದಂಡ ಅನ್ನಿಸಿತ್ತು, ಈಗ ಹುಡುಗರಿಗೆ ಅದೇ ಹೇಳುತ್ತೇನೆ. ಈ ಕಾಯುವ ದಿನಗಳಲ್ಲೇ ವಿಮೆಯ ಕಾಗದಗಳನ್ನು ಜೋಡಿಸಿಟ್ಟುಕೊಳ್ಳಿ.

ವಿಮೆಯ ಕಥೆ ಸ್ವಲ್ಪ ಉದ್ದ, ಆದರೆ ನನ್ನ ದುಡ್ಡು ಜಾಸ್ತಿ ಹೋಗಿದ್ದು ಇಲ್ಲೇ, ಆದ್ದರಿಂದ ಓದಿ.

ಮನೆಯವರೆಲ್ಲರಿಗೂ ಸೇರಿ ಒಂದು ಆರೋಗ್ಯ ವಿಮೆ ಮಾಡಿಸಿ ಹದಿನಾಲ್ಕು ತಿಂಗಳಾಗಿತ್ತು. ಅಡ್ಮಿಟ್ ಆಗುವ ದಿನ ಕಿರಿಯ ಡಾಕ್ಟರೊಬ್ಬರು ಬಂದು, “ಮೊದಲೇನಾದರೂ ಮಂಡಿ ನೋವು ಇತ್ತಾ?” ಅಂತ ಕೇಳಿದರು. ಫುಟ್‌ಬಾಲ್ ಆಡುವವನಿಗೆ ಮಂಡಿ ನೋವು ಇಲ್ಲದೆ ಇರುತ್ತಾ? “ಆಗಾಗ ಇರ್ತಿತ್ತು ಸರ್, ಎರಡು ವರ್ಷದಿಂದ” ಅಂದೆ. ಅವರು ಅದನ್ನೇ ಕೇಸ್ ಶೀಟಿನಲ್ಲಿ ಬರೆದುಕೊಂಡರು. ಆ ಒಂದು ಸಾಲಿನಿಂದ ಕ್ಯಾಶ್‌ಲೆಸ್, ಅಂದರೆ ವಿಮೆಯವರೇ ನೇರ ಆಸ್ಪತ್ರೆಗೆ ಕಟ್ಟುವುದು, ನಿಂತುಹೋಯಿತು. ಹೆಚ್ಚಿನ ಪಾಲಿಸಿಗಳಲ್ಲಿ ಕೆಲವು ಕಾಯಿಲೆ, ಆಪರೇಷನ್‌ಗಳಿಗೆ ಇಪ್ಪತ್ನಾಲ್ಕು ತಿಂಗಳ ಕಾಯುವ ಅವಧಿ ಇರುತ್ತದೆ. ಅಪಘಾತದಿಂದ ಆಗಿದ್ದಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ನನ್ನದು ಪಂದ್ಯದ ನಡುವೆ ಒಂದೇ ಕ್ಷಣದಲ್ಲಿ ಆಗಿದ್ದು, ಅಂದರೆ ಅಪಘಾತ. ಆದರೆ ಕೇಸ್ ಶೀಟ್ ನೋಡಿದವರಿಗೆ ಅದು ಎರಡು ವರ್ಷದ ಹಳೇ ನೋವು.

ಸುಳ್ಳು ಹೇಳಿ ಅನ್ನುತ್ತಿಲ್ಲ. ಆಟದ ಮಾರನೆ ದಿನದ ಮೈಕೈ ನೋವು ಬೇರೆ, ಗಾಯ ಬೇರೆ. ಯಾವ ತಾರೀಖು, ಎಷ್ಟು ಗಂಟೆಗೆ, ಏನು ಮಾಡುವಾಗ ಆಯಿತು ಅನ್ನೋದನ್ನು ಸ್ಪಷ್ಟವಾಗಿ ಹೇಳಿ, ಅದನ್ನೇ ಬರೆಸಿ.

ಇನ್ನೊಂದು ಪ್ರಶ್ನೆಯೂ ಬಂತು: “ಇವರು ವೃತ್ತಿಪರ ಆಟಗಾರರೇ?” ಪಾಲಿಸಿಗಳಲ್ಲಿ ಅಪಾಯಕಾರಿ ಸಾಹಸ ಕ್ರೀಡೆಗಳಲ್ಲಿ ವೃತ್ತಿಪರರಾಗಿ ಭಾಗವಹಿಸಿ ಗಾಯವಾದರೆ ಕೊಡುವುದಿಲ್ಲ ಅನ್ನೋ ಷರತ್ತಿದೆ. ಬಂಡೆ ಹತ್ತುವುದು, ಮೋಟರ್ ರೇಸು, ಆಕಾಶದಿಂದ ಧುಮುಕುವುದು ಇಂಥವು ಆ ಪಟ್ಟಿಯಲ್ಲಿವೆ. ಫುಟ್‌ಬಾಲಿನ ಹೆಸರು ಅಲ್ಲಿಲ್ಲ. ಆದರೂ ತಂಡದಿಂದ ಪತ್ರ ತನ್ನಿ ಅಂದರು. ನಾನು ವೃತ್ತಿಪರನೋ ಅಲ್ಲವೋ ಎಂದು ಆಡುವಾಗ ಯಾರೂ ಕೇಳಿರಲಿಲ್ಲ. ಹನ್ನೆರಡು ಸಾವಿರಕ್ಕೆ ವಾರದಲ್ಲಿ ಆರು ದಿನ ಬೆಳಿಗ್ಗೆ ಐದಕ್ಕೆ ಏಳುತ್ತಿದ್ದವನು ಆ ಪತ್ರದಲ್ಲಿ ‘ಹವ್ಯಾಸಿ’ ಆಗಿದ್ದೆ. ಅದನ್ನು ಓದಿದಾಗ ಸಮಾಧಾನವೂ ಆಯಿತು, ಒಂಥರಾ ಅವಮಾನವೂ ಆಯಿತು.

ಆಪರೇಷನ್ನು, ಒಳಗೆ ಕೂರಿಸುವ ಸ್ಕ್ರೂ, ಬಟನ್ನು, ಎರಡು ರಾತ್ರಿ ರೂಮು, ಎಲ್ಲ ಸೇರಿ ಎರಡು ಲಕ್ಷದ ನಾಲ್ಕು ಸಾವಿರ. ಅಪ್ಪನ ಎಫ್‌ಡಿ ಮುರಿಸಿ ಕಟ್ಟಿದೆವು. ಮೂರೂವರೆ ತಿಂಗಳು ಅಲೆದ ಮೇಲೆ ಒಂದು ಲಕ್ಷದ ಮೂವತ್ತೆಂಟು ಸಾವಿರ ವಾಪಸ್ ಬಂತು. ಅದನ್ನು ತರಿಸಿಕೊಟ್ಟಿದ್ದು ಯಾವ ಕಾಗದ ಗೊತ್ತಾ? ಪಂದ್ಯದ ಶೀಟು. ಇಷ್ಟನೇ ನಿಮಿಷದಲ್ಲಿ ಎರಡನೇ ನಂಬರ್ ಆಟಗಾರ ಗಾಯಗೊಂಡು ಹೊರಗೆ, ಬದಲಿಗೆ ಹದಿನಾಲ್ಕನೇ ನಂಬರ್ ಎಂದು ಅದರಲ್ಲಿತ್ತು. ಮೊದಲ ರಾತ್ರಿಯ ಕ್ಯಾಷುಯಾಲ್ಟಿ ಚೀಟಿಯನ್ನು ಅಮ್ಮ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದರಿಂದ ಅದೂ ಉಳಿದಿತ್ತು. ಗಾಯವಾದ ವಾರದಲ್ಲೇ ಪಂದ್ಯದ ಶೀಟಿನ ನಕಲು ಕೇಳಿ ಇಟ್ಟುಕೊಳ್ಳಿ, ವರ್ಷ ಕಳೆದ ಮೇಲೆ ಯಾರೂ ಹುಡುಕಿಕೊಡುವುದಿಲ್ಲ.

ಆಪರೇಷನ್ ಆಗಿದ್ದು 2020ರ ಜನವರಿಯಲ್ಲಿ. ಬೆನ್ನಿಗೆ ಇಂಜೆಕ್ಷನ್, ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ. ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು, ಮಡಚಿ ಹೊಲಿದು, ಮೂಳೆಯಲ್ಲಿ ಕೊರೆದ ತೂತಿನೊಳಗೆ ಎಳೆದು ಹೊಸ ಲಿಗಮೆಂಟ್ ಮಾಡುತ್ತಾರೆ. ಒಳಗೆ ಡ್ರಿಲ್ಲಿಂಗ್ ಸದ್ದು ಕೇಳಿಸುತ್ತಿತ್ತು, ಯಾರದೋ ಮನೆಗೆ ಪೈಪ್ ಹಾಕುತ್ತಿದ್ದ ಹಾಗೆ. ಅದಕ್ಕೂ ಮುಂಚೆ ಕಾಲು ಶುಚಿ ಮಾಡಲು ಬಂದ ಸಿಸ್ಟರ್, ನಾನು ತಂದಿದ್ದ ಹಳೇ ನೀಕ್ಯಾಪ್ ಕೊಡವಿ, “ಏನಿದು, ಸಾಸಿವೆ?” ಅಂದರು. ಕಪ್ಪು ರಬ್ಬರ್ ಕಾಳುಗಳು. ಎರಡು ತಿಂಗಳ ಹಿಂದಿನ ಟರ್ಫ್ ಅದರೊಳಗೇ ಕೂತಿತ್ತು.

ಹೊಲಿಗೆ ಬಿಚ್ಚಿದ ದಿನ ಕಾಲು ನೋಡಿ ಅಮ್ಮ ಅತ್ತುಬಿಟ್ಟರು. ತೊಡೆ ಅಷ್ಟು ಬಡಕಲಾಗಿತ್ತು. ಅವರ ಹೊಲಿಗೆ ಮೆಷಿನ್ನಿನ ಟೇಪು ತಂದು ಅಳೆದೆವು, ಬಲದ್ದಕ್ಕಿಂತ ಎಡದ್ದು ನಾಲ್ಕು ಸೆಂಟಿಮೀಟರ್ ಕಡಿಮೆ. ಪ್ರತಿ ಭಾನುವಾರ ಅಳೆದು ಕ್ಯಾಲೆಂಡರಿನಲ್ಲಿ ಬರೆಯುವುದು ಅವತ್ತಿನಿಂದ ಶುರುವಾಯಿತು. ಫಿಸಿಯೋಗೆ ಒಂದು ಸಲಕ್ಕೆ ಆರುನೂರು, ವಾರಕ್ಕೆ ಮೂರು ಸಲ. ಲೆಕ್ಕ ನೀವೇ ಹಾಕಿಕೊಳ್ಳಿ. ಆಪರೇಷನ್ ಖರ್ಚನ್ನು ಎಲ್ಲರೂ ಕೇಳುತ್ತಾರೆ, ಫಿಸಿಯೋ ಖರ್ಚನ್ನು ಯಾರೂ ಕೇಳುವುದಿಲ್ಲ. ವಿಮೆಯಿಂದ ಅದು ಪೂರ್ತಿ ಬರುವುದೂ ಇಲ್ಲ, ಡಿಸ್ಚಾರ್ಜ್ ಆದಮೇಲೆ ಎಷ್ಟು ದಿನದವರೆಗಿನ ಖರ್ಚು ಕೊಡುತ್ತಾರೆ ಅನ್ನೋದನ್ನು ಪಾಲಿಸಿಯಲ್ಲಿ ನೋಡಿಕೊಳ್ಳಿ.

ಹತ್ತು ವಾರ ಆಗುವಷ್ಟರಲ್ಲಿ ಮಾರ್ಚ್ 25, ದೇಶಕ್ಕೇ ಬೀಗ. ಫಿಸಿಯೋ ಕ್ಲಿನಿಕ್ ಮುಚ್ಚಿತು. ಹೊಸದಾಗಿ ಕೂರಿಸಿದ ಲಿಗಮೆಂಟ್ ಮೊದಲ ಕೆಲವು ತಿಂಗಳಲ್ಲಿ ಒಳಗೊಳಗೇ ಬಲಹೀನವಾಗಿ, ಆಮೇಲೆ ನಿಧಾನಕ್ಕೆ ಗಟ್ಟಿಯಾಗುತ್ತದಂತೆ. ಹೊರಗಿನಿಂದ ಮಾತ್ರ ಎಲ್ಲ ಸರಿಹೋದ ಹಾಗೆ ಇರುತ್ತೆ. ಆ ದಿನಗಳಲ್ಲೇ ನನ್ನನ್ನು ನೋಡುವವರಿಲ್ಲ. ವಿಡಿಯೋ ಕಾಲ್‌ನಲ್ಲಿ ಫಿಸಿಯೋ ಮೇಡಂ ಹೇಳಿಕೊಡುತ್ತಿದ್ದರು, ನಾನು ಇಪ್ಪತ್ತೈದು ಕೆ.ಜಿ. ಅಕ್ಕಿ ಮೂಟೆ ತಬ್ಬಿಕೊಂಡು ಕೂತು ಏಳುತ್ತಿದ್ದೆ. ಅಕ್ಕಿ ಖರ್ಚಾದ ಹಾಗೆ ಭಾರವೂ ಕಡಿಮೆ! ಆಮೇಲೆ ಗ್ಯಾಸ್ ಸಿಲಿಂಡರ್ ಬಂತು, ಅಪ್ಪ ಬೈದು ಬಿಡಿಸಿದರು. ಸ್ಟೈಪೆಂಡ್ ಆ ಮಾರ್ಚ್‌ಗೇ ನಿಂತಿತ್ತು.

ಇನ್ನು ನಾನು ಮಾಡಿದ ದೊಡ್ಡ ತಪ್ಪು. 2021ರ ಜನವರಿಯಲ್ಲಿ ತಂಡದಿಂದ ಫೋನ್ ಬಂತು. “ಫಿಟ್ ಇದೀಯಾ? ಹೆಸರು ಕಳಿಸಬೇಕು.” ಆಪರೇಷನ್ ಆಗಿ ಒಂದು ವರ್ಷ. ಕಡೇ ಪಕ್ಷ ಒಂಬತ್ತು ತಿಂಗಳು ಕಾಯಬೇಕು ಅಂದಿದ್ದರು, ಕಾದಿದ್ದೆ. ಆದರೆ ಒಂಟಿ ಕಾಲಿನ ಜಿಗಿತ, ಎರಡೂ ತೊಡೆಯ ಬಲ ಅಳೆಯುವುದು, ಗಾಯದ ಕಾಲು ಇನ್ನೊಂದರ ಶೇಕಡ 90ರಷ್ಟಾದರೂ ಇದೆಯಾ ನೋಡುವುದು, ಈ ಪರೀಕ್ಷೆಗಳನ್ನು ಮಾಡಿಸಿರಲಿಲ್ಲ. ಕ್ಯಾಲೆಂಡರಿನಲ್ಲಿ ಟೇಪಿನ ಲೆಕ್ಕ ಇನ್ನೂ ಒಂದೂವರೆ ಸೆಂಟಿಮೀಟರ್ ಕಡಿಮೆ ತೋರಿಸುತ್ತಿತ್ತು. ದಿನದ ಲೆಕ್ಕದಲ್ಲಿ ವರ್ಷ ತುಂಬಿತ್ತು, ಕಾಲಿನ ಲೆಕ್ಕದಲ್ಲಿ ತುಂಬಿರಲಿಲ್ಲ. “ಇದೀನಿ ಸರ್” ಅಂದೆ.

ಅಭ್ಯಾಸ ಪಂದ್ಯದ ಇಪ್ಪತ್ತನೇ ನಿಮಿಷ. ಹೆಡ್ ಮಾಡಿ ಇಳಿದೆ. ಈ ಸಲ ಸದ್ದೂ ಬರಲಿಲ್ಲ.

ಎರಡನೇ ಎಂಆರ್‌ಐ ನೋಡಿದ ಡಾಕ್ಟರ್ ಬಹಳ ಹೊತ್ತು ಮಾತಾಡಲಿಲ್ಲ. ಮತ್ತೆ ಆಪರೇಷನ್ ಮಾಡಬಹುದು, ಆದರೆ ಹಳೇ ತೂತು ಅಗಲವಾಗಿದೆ, ಮೊದಲು ಅದಕ್ಕೆ ಮೂಳೆ ತುಂಬಿ, ತಿಂಗಳುಗಟ್ಟಲೆ ಕಾದು, ಆಮೇಲೆ ಇನ್ನೊಂದು ಕಡೆಯಿಂದ ರಜ್ಜು ತೆಗೆದು ಕೂರಿಸಬೇಕು. ಮೆನಿಸ್ಕಸ್ ಸವೆದಿದೆ, ಮೃದ್ವಸ್ಥಿಯೂ ಕಿತ್ತಿದೆ. “ನಡೆಯೋಕೆ, ಮೆಟ್ಟಿಲು ಹತ್ತೋಕೆ, ಗಾಡಿ ಓಡಿಸೋಕೆ ಈ ಕಾಲನ್ನ ಗಟ್ಟಿ ಮಾಡ್ಕೋಬಹುದು. ಫುಟ್‌ಬಾಲ್‌ಗೆ ಅಂತ ಕೇಳಿದ್ರೆ ಬೇಡ ಅಂತೀನಿ. ನಲವತ್ತಕ್ಕೇ ಮಂಡಿ ಬದಲಾಯಿಸೋ ಹಾಗಾಗೋದು ಬೇಡ.” ನಾನು ಇನ್ನೊಬ್ಬ ಡಾಕ್ಟರನ್ನೂ ಕೇಳಿದೆ. ಅವರೂ ಹೆಚ್ಚು ಕಮ್ಮಿ ಅದನ್ನೇ ಅಂದರು. ಇನ್ನೊಬ್ಬರನ್ನು ಕೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಆ ಎಂಟುನೂರು ರೂಪಾಯಿಗೆ ನಿದ್ದೆಯಾದರೂ ಬಂತು.

ಇಲ್ಲಿಂದ ಮುಂದೆ ಸುಮಾರು ಎಂಟು ತಿಂಗಳು ಬರೆಯಲು ಏನೂ ಇಲ್ಲ. ಎಂಆರ್‌ಐಗೆ ಫಾರಂ ಇತ್ತು, ವಿಮೆಗೆ ಫಾರಂ ಇತ್ತು, ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಹೋಗಲೂ ಫಾರಂ ಇತ್ತು. ಆಟ ಬಿಡುವುದಕ್ಕೆ ಮಾತ್ರ ಯಾವ ಫಾರಮ್ಮೂ ಇಲ್ಲ. ದೊಡ್ಡ ಆಟಗಾರರಾದರೆ ಪತ್ರಿಕಾಗೋಷ್ಠಿ ಕರೆಯುತ್ತಾರೆ. ನಮ್ಮಂಥವರ ಹೆಸರು ಮುಂದಿನ ಸೀಸನ್ನಿನ ಪಟ್ಟಿಯಲ್ಲಿ ಇರುವುದಿಲ್ಲ, ಅಷ್ಟೇ. ಬೀದಿಯಲ್ಲಿ ಸಿಕ್ಕವರು “ಯಾವಾಗ ವಾಪಸ್?” ಅಂದರೆ “ಮುಂದಿನ ಸೀಸನ್” ಅನ್ನುತ್ತಿದ್ದೆ. ಕಿಟ್ ಬ್ಯಾಗ್ ಮಂಚದ ಕೆಳಗೆ ಜಿಪ್ ಹಾಕಿದ ಹಾಗೇ ಇತ್ತು. ಅಪ್ಪ ಒಂದು ದಿನ ಊಟಕ್ಕೆ ಕೂತಾಗ, “ಮುಂದಿನ ಸೀಸನ್, ಮುಂದಿನ ಸೀಸನ್ ಅಂತ ಊರಿಗೆಲ್ಲ ಹೇಳ್ತೀಯಲ್ಲ, ನನಗಾದ್ರೂ ನಿಜ ಹೇಳು” ಅಂದರು. ನಾನು ಸಾರು ಕಲಸುತ್ತಾ ಇದ್ದೆ. “ಆಗಲ್ಲಪ್ಪ” ಅಂದೆ. ಅವರು ಮಜ್ಜಿಗೆ ಬಡಿಸಿಕೊಂಡರು. ನನ್ನ ನಿವೃತ್ತಿ ಘೋಷಣೆ ಅಷ್ಟೇ.

ಈ ಎಂಟು ತಿಂಗಳು ನನಗೆ ವ್ಯರ್ಥ. ಆಡುತ್ತೇನೋ ಇಲ್ಲವೋ ಅನ್ನೋದು ಇತ್ಯರ್ಥವಾಗುವ ತನಕ ಬೇರೆ ಏನನ್ನೂ ಮುಟ್ಟಬಾರದು ಅನ್ನೋ ಹಟ. ಕೋಚಿಂಗ್ ಕೋರ್ಸಿಗೆ ಕಾಲು ಪೂರ್ತಿ ನೆಟ್ಟಗಿರಬೇಕು ಅಂತೇನಿಲ್ಲ. ಫಿಸಿಯೋ ನಡೆಯುವಾಗಲೇ ಹೆಸರು ಹಾಕಿಸಿದ್ದರೆ ಒಂದೂವರೆ ವರ್ಷ ಉಳಿಯುತ್ತಿತ್ತು.

ನನ್ನನ್ನು ಎಬ್ಬಿಸಿದ್ದು ‘ಬಿ’ ಡಿವಿಷನ್ ಕಾಲದ ಹಳೇ ಕೋಚ್ ಸರ್. “ಸುಮ್ನೆ ಮನೇಲಿ ಕೂತು ಏನ್ ಮಾಡ್ತೀಯ, ಸ್ಟೇಡಿಯಂಗೆ ಹೋಗಿ ಗುರುವಾರದ ಮ್ಯಾಚ್ ನೋಡ್ಕೊಂಡು ಬಾ. ಮುಂದಿನ ವಾರ ನಮಗೆ ಎದುರಾಗೋ ತಂಡ ಕಾರ್ನರ್ ಹೆಂಗೆ ಹೊಡೀತಾರೆ ಬರ್ಕೊಂಡು ಬಾ” ಅಂದರು. ನನ್ನನ್ನು ಅಟೆಂಡರ್ ಮಾಡುತ್ತಿದ್ದಾರೆ ಅಂತ ಸಿಟ್ಟು ಬಂತು. ಹೋದೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬಾಣದ ಗುರುತು ಹಾಕುತ್ತಾ ಕೂತೆ. ಎರಡನೇ ಅರ್ಧದಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಅವರ ಲೆಫ್ಟ್ ಬ್ಯಾಕ್ ಪ್ರತಿ ಸಲ ಥ್ರೋ ಇನ್ ಆದಮೇಲೆ ಎರಡು ಸೆಕೆಂಡ್ ಬೆನ್ನು ತಿರುಗಿಸುತ್ತಿದ್ದ. ಅದನ್ನು ಬರೆದುಕೊಟ್ಟೆ. ಮುಂದಿನ ವಾರ ನಮ್ಮವರು ಅದೇ ಜಾಗದಲ್ಲಿ ಗೋಲು ಹೊಡೆದರು. ಹತ್ತು ವರ್ಷ ಆಡಿದ್ದರೂ ಗ್ಯಾಲರಿಯಿಂದ ಆಟ ಬೇರೆಯಾಗಿ ಕಾಣುತ್ತೆ ಅನ್ನೋದು ಆವತ್ತು ತಿಳಿಯಿತು.

ಆಮೇಲೆ ಕೋರ್ಸಿನಲ್ಲಿ ಇನ್‌ಸ್ಟ್ರಕ್ಟರ್ ಒಬ್ಬರು ಜರ್ಮನಿಯ ಯೂಲಿಯನ್ ನಾಗೆಲ್ಸ್‌ಮನ್ ಕಥೆ ಹೇಳಿದರು. ಮಂಡಿ ಗಾಯದಿಂದ ಇಪ್ಪತ್ತಕ್ಕೇ ಆಟ ಮುಗಿದಿತ್ತು. ಆಗ್ಸ್‌ಬರ್ಗ್ ಎರಡನೇ ತಂಡದ ಕೋಚ್ ಥಾಮಸ್ ಟೂಖೆಲ್ ಎದುರಾಳಿ ತಂಡಗಳನ್ನು ನೋಡಿಕೊಂಡು ಬರಲು ಅವನನ್ನು ಕಳಿಸುತ್ತಿದ್ದರಂತೆ. ಟೂಖೆಲ್ ಕೂಡ ಮಂಡಿ ಕೆಟ್ಟೇ ಆಟ ಬಿಟ್ಟವರು. 2016ರಲ್ಲಿ, ಇಪ್ಪತ್ತೆಂಟನೇ ವಯಸ್ಸಿಗೆ, ನಾಗೆಲ್ಸ್‌ಮನ್ ಹೊಫೆನ್‌ಹೈಮ್ ತಂಡದ ಮುಖ್ಯ ಕೋಚ್ ಆದ. ಅವರಿಗಿಂತ ಹಳಬರು ಇಂಗ್ಲೆಂಡಿನ ಬ್ರಯಾನ್ ಕ್ಲಫ್. 274 ಲೀಗ್ ಪಂದ್ಯದಲ್ಲಿ 251 ಗೋಲು ಹೊಡೆದಿದ್ದ ಮನುಷ್ಯ, 1962ರ ಕ್ರಿಸ್‌ಮಸ್ ಮಾರನೆ ದಿನದ ಪಂದ್ಯದಲ್ಲಿ ಮಂಡಿ ಕಳೆದುಕೊಂಡರು. ಮ್ಯಾನೇಜರ್ ಆಗಿ 1979 ಮತ್ತು 1980ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಯುರೋಪಿಯನ್ ಕಪ್ ಗೆದ್ದುಕೊಟ್ಟರು. ಕೇಳಲು ಹುರುಪು ಬರುತ್ತೆ, ಸರಿ. ಆದರೆ ನಮ್ಮಲ್ಲಿ ಸೀಸನ್ ಮುಗಿಯುವ ತನಕ ಕೋಚ್ ಸಂಬಳ ಬರುತ್ತಾ ಅನ್ನೋದೇ ದೊಡ್ಡ ಪ್ರಶ್ನೆ, ಅದನ್ನೂ ನೆನಪಿಟ್ಟುಕೊಳ್ಳಿ.

2022ರಲ್ಲಿ ‘ಡಿ’ ಲೈಸೆನ್ಸ್ ಮಾಡಿದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಏಣಿ ಡಿ, ಸಿ, ಬಿ, ಎ, ಆಮೇಲೆ ಪ್ರೊ. ‘ಡಿ’ಗೆ ಹದಿನೆಂಟು ತುಂಬಿರಬೇಕು, ಕೋರ್ಸು ಆರು ದಿನ. ಸೀಟು ಕಡಿಮೆ, ಪ್ರಕಟಣೆ ಬಂದ ದಿನವೇ ಹಾಕಬೇಕು. ನಾನು ಎರಡು ಸಲ ತಪ್ಪಿಸಿಕೊಂಡೆ. ಒಂದು ಸಲ ತಡವಾಗಿ ನೋಡಿದೆ, ಇನ್ನೊಂದು ಸಲ ಆಧಾರ್‌ನಲ್ಲಿ ನನ್ನ ಹೆಸರಿನ ಮುಂದೆ ಇನಿಷಿಯಲ್, ಮಾರ್ಕ್ಸ್ ಕಾರ್ಡಿನಲ್ಲಿ ಹಿಂದೆ. ಫೆಡರೇಷನ್ನಿನ ಸಿಆರ್‌ಎಸ್ ಎಂಬ ಆನ್‌ಲೈನ್ ನೋಂದಣಿಯಲ್ಲಿ ನಾನು ಆಟಗಾರನಾಗಿ ಇನ್ನೊಂದು ಥರ ಇದ್ದೆ. ಮೂರನ್ನೂ ಒಂದೇ ಥರ ಮಾಡಿಸಲು ಹನ್ನೊಂದು ದಿನ. ಈಗಲೇ ನಿಮ್ಮ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಇನ್ನೊಂದು ಗೊಂದಲ. ಸರ್ಕಾರಿ ಕೋಚ್ ಹುದ್ದೆಗಳಿಗೆ ಸಾಮಾನ್ಯವಾಗಿ ಕೇಳುವುದು ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಡಿಪ್ಲೊಮಾ. ಕ್ಲಬ್ಬು, ಅಕಾಡೆಮಿಗಳು ಕೇಳುವುದು ಫೆಡರೇಷನ್ ಲೈಸೆನ್ಸ್. ಎರಡೂ ಬೇರೆ ಬೇರೆ ದಾರಿ. ಒಂದು ಇದ್ದರೆ ಇನ್ನೊಂದು ತಾನಾಗಿ ಬರುವುದಿಲ್ಲ. ನಿಮಗೆ ಯಾವ ಕೆಲಸ ಬೇಕು ಅನ್ನೋದನ್ನು ಮೊದಲು ತೀರ್ಮಾನಿಸಿ, ಆಮೇಲೆ ದುಡ್ಡು ಕಟ್ಟಿ.

ಕೋರ್ಸಿನಲ್ಲಿ ಪಿಟಿ ಮೇಷ್ಟ್ರುಗಳಿದ್ದರು, ಅಕಾಡೆಮಿ ಹುಡುಗರಿದ್ದರು, ಫುಟ್‌ಬಾಲ್ ಹುಚ್ಚಿನ ಬಡಾವಣೆ ಗೌತಮಪುರದ ಇಬ್ಬರಿದ್ದರು, ಆಟ ಬಿಟ್ಟವನು ನಾನೊಬ್ಬ. ಎಲ್ಲರಿಗಿಂತ ಹೆಚ್ಚು ಮ್ಯಾಚ್ ಆಡಿದ್ದೇನೆ ಅನ್ನೋ ಗತ್ತು ನನಗೆ. ನಾಲ್ಕನೇ ದಿನ ಪ್ರಾಯೋಗಿಕ. ನನ್ನ ವಿಷಯ, ಚೆಂಡು ತಗೊಂಡು ಮುಖ ತಿರುಗಿಸುವುದು. ಕೋನ್ ಇಟ್ಟೆ, ಬಿಬ್ ಹಂಚಿದೆ, ಆಟ ಶುರು ಮಾಡಿಸಿದೆ. ಒಬ್ಬ ತಪ್ಪು ಮಾಡಿದ. ವಿಸಿಲ್ ಊದಿ “ಸ್ಟಾಪ್!” ಅಂದೆ. ಎಲ್ಲರೂ ನಿಂತಲ್ಲೇ ನಿಂತರು. ಹನ್ನೆರಡು ಜನ ನನ್ನ ಬಾಯನ್ನೇ ನೋಡುತ್ತಿದ್ದಾರೆ, ನನಗೆ ಮಾತೇ ಇಲ್ಲ. “ಹಿಂಗಲ್ಲ… ಹಿಂಗೆ” ಅನ್ನುತ್ತಾ ನಾನೇ ಮಾಡಿ ತೋರಿಸಲು ಹೋದೆ. ಮಂಡಿ ಲಟಕ್ಕನೆ ಪಕ್ಕಕ್ಕೆ ಹೋಯಿತು. ಬೀಳಲಿಲ್ಲ, ಆದರೆ ಎಲ್ಲರೂ ನೋಡಿದರು. ಇನ್‌ಸ್ಟ್ರಕ್ಟರ್ ಹತ್ತಿರ ಬಂದು ಮೆಲ್ಲಗೆ, “ಇಷ್ಟು ದಿನ ನಿಮ್ಮ ಕಾಲು ಮಾತಾಡಿದೆ. ಈಗ ಬಾಯಿ ಮಾತಾಡ್ಲಿ” ಅಂದರು.

ಆ ರಾತ್ರಿ ಮನೆಯಲ್ಲಿ ಅಮ್ಮನನ್ನು ಹಾಲ್‌ನಲ್ಲಿ ನಿಲ್ಲಿಸಿ, ಚೆಂಡು ಬರುವ ಮುಂಚೆ ಭುಜದ ಮೇಲಿಂದ ಹಿಂದೆ ನೋಡಬೇಕು, ಮೈ ಓರೆ ಇಟ್ಟುಕೊಳ್ಳಬೇಕು, ದೂರದ ಕಾಲಿನಲ್ಲಿ ತಗೋಬೇಕು ಅಂತ ಬರೀ ಮಾತಿನಲ್ಲಿ ಹೇಳಿಕೊಟ್ಟೆ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ಮೂರನೇ ಸಲಕ್ಕೆ ಸರಿಯಾಗಿ ಮಾಡಿದರು. ‘ಡಿ’ ಪಾಸಾಯಿತು.

‘ಡಿ’ ಮುಗಿದ ತಕ್ಷಣ ‘ಸಿ’ಗೆ ಹಾರಲು ಆಗುವುದಿಲ್ಲ, ನಡುವೆ ತರಬೇತಿ ಕೊಟ್ಟ ಅನುಭವ ಬೇಕು. ಬೆಳಿಗ್ಗೆ ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್ ಮಕ್ಕಳು, ಸಂಜೆ ನಮ್ಮ ಏರಿಯಾ ಹುಡುಗರು. ಮೊದಲನೆಯದಕ್ಕೆ ತಿಂಗಳಿಗೆ ಒಂಬತ್ತು ಸಾವಿರ, ಎರಡನೆಯದಕ್ಕೆ ಟೀ. ಪ್ರತಿ ಸೆಷನ್ನಿನ ತಾರೀಖು, ಮಕ್ಕಳ ಸಂಖ್ಯೆ, ಮಾಡಿಸಿದ್ದು ಏನು ಅಂತ ಬರೆದಿಟ್ಟಿದ್ದು ಮುಂದೆ ಕೈಹಿಡಿಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಾಗ ಸಂಜೆ ಹುಡುಗರ ಜೊತೆ ಒಂದೇ ಫೋನಿನಲ್ಲಿ ನೋಡಿದೆ. ಎಲ್ಲರೂ ಕುಣಿದರು, ನಾನೂ ಕುಣಿದೆ. ಮನೆಗೆ ಬಂದು ಕಿಟ್ ಬ್ಯಾಗಿನ ಜಿಪ್ ತೆಗೆದೆ. ಬೂಟಿನ ಅಂಟು ಬಿಟ್ಟಿತ್ತು.

‘ಸಿ’ ಕೋರ್ಸಿನ ಮೊದಲ ಪ್ರಾಯೋಗಿಕದಲ್ಲಿ ಫೇಲಾದೆ, ಮತ್ತೊಮ್ಮೆ ಬನ್ನಿ ಅಂದರು. ಕಾರಣ ಹೇಳಿದ್ದು ಸರಿಯಾಗೇ ಇತ್ತು: ನಾನು ರೈಟ್ ಬ್ಯಾಕನ್ನು ಮಾತ್ರ ನೋಡುತ್ತಿದ್ದೆ. ಶುಲ್ಕ ಆಗಾಗ ಬದಲಾಗುತ್ತೆ, ಪ್ರಕಟಣೆ ನೋಡಿಕೊಳ್ಳಿ. ಊಟ, ಓಡಾಟ, ಮತ್ತೆ ಹೋಗಿಬಂದಿದ್ದು, ಆ ದಿನಗಳಲ್ಲಿ ತಪ್ಪಿದ ಸಂಪಾದನೆ ಸೇರಿ ನನಗೆ ನಲವತ್ತು ಸಾವಿರದ ಹತ್ತಿರ ಹೋಯಿತು.

ಈ ಮಧ್ಯೆ ಹಳೇ ಕೋಚ್ ಸರ್ ತಮ್ಮ ಕ್ಲಬ್ಬಿಗೆ ಮ್ಯಾನೇಜರ್ ಆಗು ಅಂದಿದ್ದರು. ಮ್ಯಾನೇಜರ್ ಅಂದಾಗ ನನ್ನ ತಲೆಯಲ್ಲಿ ಟಿವಿಯಲ್ಲಿ ಕಾಣುವ ಕೋಟು ಇತ್ತು. ನಮ್ಮಲ್ಲಿ ಮ್ಯಾನೇಜರ್ ಅಂದರೆ ಐಸು, ನೀರು, ಆಟೋ, ಸಿಆರ್‌ಎಸ್. ಆಟಗಾರರ ಆಧಾರ್, ಜನನ ಪ್ರಮಾಣಪತ್ರ, ಫೋಟೋ, ಹಿಂದಿನ ಕ್ಲಬ್ಬಿನ ಒಪ್ಪಿಗೆ ಎಲ್ಲ ಅಪ್‌ಲೋಡ್ ಮಾಡುವುದು, ಸರ್ವರ್ ಮಲಗಿದರೆ ರಾತ್ರಿ ಹನ್ನೆರಡಕ್ಕೆ ಎದ್ದು ಮತ್ತೆ ಮಾಡುವುದು. ಕಿರಿಯರ ಟೂರ್ನಿಗಳಲ್ಲಿ ಜನನ ನೋಂದಣಿ ತಡವಾಗಿದ್ದರೆ ವಯಸ್ಸಿನ ತಕರಾರು ಬರುತ್ತೆ, ಮಣಿಕಟ್ಟಿನ ಮೂಳೆ ನೋಡಿ ವಯಸ್ಸು ಅಂದಾಜಿಸುವ ಪರೀಕ್ಷೆ ತನಕ ಹೋಗುತ್ತೆ. ತಂದೆ ತಾಯಿಗೆ ಇದನ್ನು ಮೊದಲೇ ಹೇಳಿಬಿಡಿ. ನನ್ನ ಮೊದಲ ಪಂದ್ಯದಲ್ಲೇ ಎರಡನೇ ಬಣ್ಣದ ಜೆರ್ಸಿ ತರಲು ಮರೆತೆ. ಎದುರಾಳಿಯದೂ ನೀಲಿ, ನಮ್ಮದೂ ನೀಲಿ. ಹಿಂದಿನ ಪಂದ್ಯ ಮುಗಿಸಿದ್ದ ತಂಡದ ಹತ್ತಿರ ಬೆವರಲ್ಲಿ ನೆಂದ ಹಳದಿ ಜೆರ್ಸಿ ಬೇಡಿ ತಂದು ಹಾಕಿಸಿದೆ. ಹುಡುಗರು ಮೂಗು ಮುಚ್ಚಿಕೊಂಡು ಆಡಿ 1-1 ಡ್ರಾ ಮಾಡಿದರು. ಅವತ್ತು ಎಷ್ಟು ಬೈದರೋ!

ಕಾಗದಗಳನ್ನೆಲ್ಲ ನಾನು ಆ ಎಂಆರ್‌ಐ ಕವರಿನಲ್ಲಿ ಇಟ್ಟುಕೊಳ್ಳುತ್ತೇನೆ. ಮಳೆಗೆ ನೆನೆಯುವುದಿಲ್ಲ, ತಂಡದ ಪಟ್ಟಿ ಮಡಚದೆ ಹಿಡಿಸುತ್ತೆ, ಬೋರ್ಡ್ ಇಲ್ಲದ ದಿನ ಹಿಂಭಾಗದಲ್ಲಿ ಮಾರ್ಕರಿನಿಂದ ಫಾರ್ಮೇಷನ್ ಬರೆದು ಒರೆಸಬಹುದು. ಮೊನ್ನೆ ಪಂದ್ಯಕ್ಕೆ ಮುಂಚೆ ಹೊಸ ಹುಡುಗನೊಬ್ಬ, ರೈಟ್ ಬ್ಯಾಕೇ, ಅದನ್ನು ತಿರುಗಿಸಿ ಓದುತ್ತಿದ್ದ.

“ಅಣ್ಣಾ, ಇದರ ಮೇಲೆ ನಿಮ್ಮ ಹೆಸರಿದೆ. ಲೆಫ್ಟ್ ನೀ ಅಂತಿದೆ, ಏನಿದು?”

“ಅದಿರ್ಲಿ, ನಿನ್ನ ಆಧಾರ್ ಜೆರಾಕ್ಸ್ ತಂದ್ಯಾ?”

ತಂದಿರಲಿಲ್ಲ.